ಹಾಲು, ಹಾಳು ಮತ್ತು ಐದು ಅರ್ಜಿಗಳು

ಕಳೆದ ಡಿಸೆಂಬರ್‌ನಲ್ಲಿ ನಾನು ಐದು ಕಡೆ ಪಿಎಚ್‌.ಡಿ.ಗೆ ಅರ್ಜಿ ಹಾಕಿದೆ. ನಾಲ್ಕು ಅಮೆರಿಕದಲ್ಲಿ, ಒಂದು ಕೆನಡಾದಲ್ಲಿ. ವಿಷಯ, ಮಕ್ಕಳ ಬೆಳವಣಿಗೆಯ ಮನಃಶಾಸ್ತ್ರ. ನಾನು ಓದಿದ್ದು ಎಲೆಕ್ಟ್ರಾನಿಕ್ಸ್‌ನಲ್ಲಿ ಬಿ.ಇ., ಎಂಟು ವರ್ಷದಿಂದ ಮಾಡ್ತಿರೋದು ಸಾಫ್ಟ್‌ವೇರ್ ಕೆಲಸ, ವಯಸ್ಸು ಮೂವತ್ತು. ಇಷ್ಟನ್ನೂ ಒಟ್ಟಿಗೆ ಕೇಳಿದವರೆಲ್ಲ ಕೇಳೋದು ಒಂದೇ ಪ್ರಶ್ನೆ: ‘ಯಾಕೆ?’ ಅರ್ಜಿಯಲ್ಲೂ ಅದನ್ನೇ ಕೇಳ್ತಾರೆ, ಎರಡು ಪುಟದಲ್ಲಿ ಬರೀರಿ ಅಂತ.

ನಮ್ಮ ತಂಡದ್ದು ಮಾತನ್ನು ಕೇಳಿ ಅಕ್ಷರಕ್ಕಿಳಿಸುವ ಸಾಫ್ಟ್‌ವೇರ್. ಸಾವಿರಾರು ಗಂಟೆಗಳ ಧ್ವನಿ ಕೇಳಿಸಿದ ಮೇಲೂ ಅದು ‘ಹಾಲು’ ಅಂದಿದ್ದನ್ನು ‘ಹಾಳು’ ಅಂತ ಬರೆಯುತ್ತಿತ್ತು. ಅದನ್ನು ಸರಿಮಾಡಲು ಹೆಣಗುತ್ತಿದ್ದ ದಿನಗಳಲ್ಲೇ ಊರಿಗೆ ಹೋಗಿದ್ದೆ. ಅಕ್ಕನ ಮಗನಿಗೆ ಆಗ ಒಂದೂವರೆ ವರ್ಷ. ಅಮ್ಮ ‘ಹಾಲು’ ಅಂದರೆ ಸಾಕು, ಎಲ್ಲಿದ್ದರೂ ಫ್ರಿಜ್ ಕಡೆ ಓಡುತ್ತಿದ್ದ. ಅದೇ ಅಮ್ಮ ‘ಹಾಳಾದ್ದು ಈ ಮಿಕ್ಸಿ’ ಅಂತ ಬೈದರೆ ತಿರುಗಿಯೂ ನೋಡುತ್ತಿರಲಿಲ್ಲ. ಇವನಿಗೆ ಯಾರು ಟ್ರೈನಿಂಗ್ ಕೊಟ್ಟರು?

ಉತ್ತರ ಹುಡುಕುತ್ತಾ ಹೋದಾಗ ಸಿಕ್ಕಿದ್ದು 1984ರ ಒಂದು ಸಂಶೋಧನಾ ಪ್ರಬಂಧ. ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ ಎಂಬಿಬ್ಬರು ಕೆನಡಾದಲ್ಲಿ, ಇಂಗ್ಲಿಷ್ ಕೇಳಿ ಬೆಳೆಯುತ್ತಿದ್ದ ಕೂಸುಗಳಿಗೆ ಹಿಂದಿಯ ‘ತ’ ಮತ್ತು ‘ಟ’ ಸದ್ದು ಕೇಳಿಸಿದ್ದರು. ಕೂಸು ಅಮ್ಮನ ತೊಡೆಯ ಮೇಲೆ ಕೂತಿರುತ್ತೆ. ಸ್ಪೀಕರಿನಿಂದ ಒಂದೇ ಸದ್ದು ಮತ್ತೆ ಮತ್ತೆ ಬರುತ್ತಿರುತ್ತೆ. ಸದ್ದು ಬದಲಾದ ಕೂಡಲೇ ಕೂಸು ತಲೆ ತಿರುಗಿಸಿದರೆ ಪಕ್ಕದ ಪೆಟ್ಟಿಗೆಯಲ್ಲಿ ದೀಪ ಹತ್ತಿ ಗೊಂಬೆ ಕುಣಿಯುತ್ತೆ. ಆರರಿಂದ ಎಂಟು ತಿಂಗಳ ಹೆಚ್ಚಿನ ಕೂಸುಗಳು ವ್ಯತ್ಯಾಸ ಹಿಡಿದವು. ಹತ್ತು-ಹನ್ನೆರಡು ತಿಂಗಳ ಹೊತ್ತಿಗೆ ಹೆಚ್ಚಿನವಕ್ಕೆ ಅದು ಸಾಧ್ಯವಾಗಲಿಲ್ಲ. ಹಿಂದಿ ಕೇಳಿ ಬೆಳೆದವು ಮಾತ್ರ ಆ ವಯಸ್ಸಿನಲ್ಲೂ ‘ತ’ ಬೇರೆ, ‘ಟ’ ಬೇರೆ ಅಂತ ಗುರುತಿಸುತ್ತಿದ್ದವು. ಮೊದಲ ಹುಟ್ಟುಹಬ್ಬಕ್ಕೆ ಮುಂಚೆಯೇ ಕಿವಿ ಮನೆಯ ಭಾಷೆಗೆ ಹೊಂದಿಕೊಂಡುಬಿಟ್ಟಿರುತ್ತೆ! ಆ ರಾತ್ರಿ ಎರಡು ಗಂಟೆಯವರೆಗೆ ಕೂತು ಓದಿದ್ದು ನೆನಪಿದೆ. ಆಫೀಸಿನ ಯಾವ ಡಾಕ್ಯುಮೆಂಟನ್ನೂ ನಾನು ಹಾಗೆ ಓದಿಲ್ಲ.

ಓದಿದ್ದೀನಿ ಅಂದ ಮಾತ್ರಕ್ಕೆ ಯಾರೂ ಸೇರಿಸಿಕೊಳ್ಳಲ್ಲ, ಸಂಶೋಧನೆಯ ಅನುಭವ ಬೇಕು. ಹಾಗಾಗಿ ಒಂದೂವರೆ ವರ್ಷ, ಶನಿವಾರ-ಭಾನುವಾರ, ಬೆಂಗಳೂರಿನ ಒಬ್ಬ ಸಂಶೋಧಕಿಯ ಬಳಿ ಸಂಬಳವಿಲ್ಲದೆ ವಿಡಿಯೊ ಕೋಡಿಂಗ್ ಮಾಡಿದೆ. (ಇಲ್ಲಿ ಕೋಡಿಂಗ್ ಅಂದರೆ ಪ್ರೋಗ್ರಾಂ ಬರೆಯೋದಲ್ಲ. ಇದನ್ನು ಅಪ್ಪನಿಗೆ ತಿಳಿಸೋಕೇ ಅರ್ಧ ಗಂಟೆ ಹಿಡೀತು.) ಕೂಸು ಪರದೆಯ ಎಡಕ್ಕೆ ನೋಡಿತೋ, ಬಲಕ್ಕೋ, ಫ್ಯಾನ್ ಕಡೆಗೋ ಅಂತ ಒಂದೊಂದು ಫ್ರೇಮಿಗೂ ಗುರುತು ಹಾಕಬೇಕು. ಸೆಕೆಂಡಿಗೆ 30 ಫ್ರೇಮ್, ನಿಮಿಷಕ್ಕೆ 1,800. ಧ್ವನಿ ಆಫ್ ಆಗಿರಬೇಕು. ಯಾವ ಪದ ಕೇಳಿಸ್ತಿದೆ ಅಂತ ನಮಗೆ ಗೊತ್ತಾದರೆ, ಕೂಸು ಸರಿಯಾದ ಕಡೆಗೇ ನೋಡಿತು ಅಂತ ನಮಗೆ ಅನ್ನಿಸಿಬಿಡುತ್ತೆ. ಅಮ್ಮಂದಿರು ಗೊತ್ತಿಲ್ಲದೆ ಸನ್ನೆ ಕೊಡಬಾರದು ಅಂತ ಅವರಿಗೂ ಹೆಡ್‌ಫೋನ್ ಹಾಕಿ ಹಾಡು ಕೇಳಿಸ್ತಾರೆ. ಇಷ್ಟೆಲ್ಲ ಮಾಡಿದ ಮೇಲೂ ಕೂಸು ಅತ್ತಿತು, ನಿದ್ದೆ ಹೋಯಿತು ಅಂದರೆ ಆ ಡೇಟಾ ಕಸದಬುಟ್ಟಿಗೆ. ಒಂದು ಪುಟ್ಟಿಯಂತೂ ಸಾಕ್ಸ್ ಕಿತ್ತು ಬಾಯಿಗೆ ಹಾಕಿಕೊಂಡು, ಪ್ರಯೋಗ ಮುಗಿಯೋವರೆಗೆ ಇನ್ನೊಂದು ಕಾಲನ್ನೇ ನೋಡ್ತಾ ಕೂತಿದ್ದಳು. ಆಫೀಸಿನಲ್ಲಿ ಬಿಲ್ಡ್ ಫೇಲ್ ಆದರೆ ಬರುವ ಸಿಟ್ಟು ಇಲ್ಲಿ ಒಮ್ಮೆಯೂ ಬರಲಿಲ್ಲ.

ಅರ್ಜಿ ಹೋಗೋದು ವಿಭಾಗಕ್ಕೆ. ಆದರೆ ಅಮೆರಿಕದಲ್ಲಿ ಹೆಚ್ಚಾಗಿ ಆರಿಸಿಕೊಳ್ಳೋದು ಒಬ್ಬ ಪ್ರೊಫೆಸರ್, ತಮ್ಮ ಲ್ಯಾಬಿಗೆ. ಅವರು ಆ ವರ್ಷ ಹೊಸಬರನ್ನು ತಗೊಳ್ತಿಲ್ಲ ಅಂದರೆ ನೀವೆಷ್ಟೇ ಬುದ್ಧಿವಂತರಾದರೂ ಶುಲ್ಕ ದಂಡ. ಒಂದೊಂದು ಅರ್ಜಿಗೂ ಆರೇಳು ಸಾವಿರ ರೂಪಾಯಿಯಿಂದ ಶುರು. ಅದಕ್ಕೇ ಸೆಪ್ಟೆಂಬರ್‌ನಲ್ಲೇ ಹನ್ನೊಂದು ಮಂದಿಗೆ ಮೇಲ್ ಬರೆದೆ. ಏಳು ಜನ ಉತ್ತರಿಸಿದರು. ಇಬ್ಬರು ಈ ಸಲ ಇಲ್ಲ ಅಂದರು, ಐವರು ಹಾಕಿ ಅಂದರು. ಒಬ್ಬ ಕನ್ಸಲ್ಟೆಂಟ್ ಮಾತ್ರ, ‘ಚಿಕ್ಕಂದಿನಿಂದ ಮಕ್ಕಳಂದ್ರೆ ಪ್ರಾಣ ಅಂತ ಶುರು ಮಾಡಿ ಮೇಡಂ, ವರ್ಕ್ ಆಗತ್ತೆ’ ಅಂತ ಸಲಹೆ ಕೊಟ್ಟರು. ಮಕ್ಕಳಂದ್ರೆ ನನಗೆ ಅಂಥ ಪ್ರಾಣವೇನಲ್ಲ. ಅವರ ತಲೆಯೊಳಗೆ ಏನು ನಡೀತಿದೆ ಅನ್ನೋ ಕುತೂಹಲ, ಅಷ್ಟೇ.

ಶಿಫಾರಸು ಪತ್ರ ಮೂರು ಬೇಕು. ಕಾಲೇಜಿನ ಮೇಷ್ಟ್ರು ಒಬ್ಬರು, ಸಂಶೋಧಕಿ ಒಬ್ಬರು, ಮೂರನೆಯದು ನಮ್ಮ ಮ್ಯಾನೇಜರ್. ಪತ್ರ ಕೇಳೋದೂ ಕೆಲಸ ಬಿಡ್ತೀನಿ ಅಂತ ಒಂದು ವರ್ಷ ಮುಂಚೆ ಹೇಳೋದೂ ಒಂದೇ. ಅವರು ಒಳ್ಳೆಯ ಪತ್ರವನ್ನೇ ಬರೆದರು. ಜನವರಿಯಲ್ಲಿ ಹೊಸ ಪ್ರಾಜೆಕ್ಟಿನ ಲೀಡ್ ಮಾತ್ರ ಬೇರೆಯವರಿಗೆ ಹೋಯಿತು.

‘ಕೂಸು ನೋಡೋಕೆ ಅಮೆರಿಕಾಗೆ ಯಾಕೇ ಹೋಗ್ಬೇಕು? ಬೀದಿ ತುದೀಲೇ ಅಂಗನವಾಡಿ ಇದೆಯಲ್ಲ’ ಅಂದರು ಅಮ್ಮ. ನಗು ಬಂತು, ಆದರೆ ಮಾತು ಸುಳ್ಳಲ್ಲ. ನಮ್ಮಲ್ಲಿ ಮನಃಶಾಸ್ತ್ರದ ಪಿಎಚ್‌.ಡಿ.ಗೆ ಸಾಮಾನ್ಯವಾಗಿ ಅದೇ ವಿಷಯದ ಸ್ನಾತಕೋತ್ತರ ಪದವಿ ಕೇಳ್ತಾರೆ. ಅಲ್ಲಿ ನಾಲ್ಕು ವರ್ಷದ ಬಿ.ಇ. ಮೇಲೆ ನೇರ ಹೋಗಬಹುದು. ಅದು ನನ್ನ ಕಾರಣ. ಅಮ್ಮನ ಮಾತು ಮಾತ್ರ ಬಿಡಲಿಲ್ಲ. ಕೂಸುಗಳ ಮೇಲಿನ ಪ್ರಯೋಗಗಳಲ್ಲಿ ಹೆಚ್ಚಿನವು ಉತ್ತರ ಅಮೆರಿಕ, ಯುರೋಪಿನ ಮಕ್ಕಳ ಮೇಲೇ ಆಗಿವೆ. ಪಾಶ್ಚಾತ್ಯ ಸಮಾಜದವರನ್ನೇ ನೋಡಿ ಮನುಷ್ಯರೆಲ್ಲ ಹೀಗೇ ಅಂತ ಮನಃಶಾಸ್ತ್ರ ಹೇಳುತ್ತಿದೆ ಅಂತ 2010ರಲ್ಲಿ ಜೋಸೆಫ್ ಹೆನ್ರಿಕ್ ಮತ್ತು ಇನ್ನಿಬ್ಬರು ಬರೆದಿದ್ದರು. ನಮ್ಮ ಅಪಾರ್ಟ್‌ಮೆಂಟಿನ ಕೂಸಿಗೆ ಅಜ್ಜಿಯಿಂದ ಕನ್ನಡ, ನೋಡಿಕೊಳ್ಳುವ ಆಂಟಿಯಿಂದ ತೆಲುಗು, ಟಿವಿಯಿಂದ ಹಿಂದಿ, ಅಪ್ಪ-ಅಮ್ಮನಿಂದ ಅರ್ಧಕ್ಕರ್ಧ ಇಂಗ್ಲಿಷ್. ಕನ್ನಡ, ತೆಲುಗಿನಲ್ಲಿ ‘ಳ’ ಇದೆ. ಶಿಷ್ಟ ಹಿಂದಿಯಲ್ಲಿ, ಇಂಗ್ಲಿಷಿನಲ್ಲಿ ಇಲ್ಲ. ಇಂಥ ಮನೆಯ ಕೂಸಿನ ಕಿವಿ ‘ಲ’ ಮತ್ತು ‘ಳ’ ಬೇರೆ ಅಂತ ಹೇಗೆ ಉಳಿಸಿಕೊಳ್ಳುತ್ತೆ? ಅದಕ್ಕೆ ದಿನಕ್ಕೆ ಎಷ್ಟು ಗಂಟೆ ಅಜ್ಜಿ ಬೇಕು? ನನ್ನ ಎರಡು ಪುಟದಲ್ಲಿ ಬರೆದಿದ್ದು ಇದನ್ನೇ. ಪ್ರಯೋಗ ನಡೆಸೋದು ಬೆಂಗಳೂರಿನಲ್ಲಿ ಅಂತಲೂ ಬರೆದೆ.

ಅಪ್ಪನದು ಬೇರೆ ಲೆಕ್ಕ. ತುಮಕೂರಿನ ಮನೆಯ ಸಾಲ ನನ್ನ ಹೆಸರಿನಲ್ಲಿದೆ. ತಿಂಗಳಿಗೆ 31,000, ಇನ್ನೂ ಆರು ವರ್ಷ. ಅಲ್ಲಿ ಪಿಎಚ್‌.ಡಿ.ಯವರಿಗೆ ಸಾಮಾನ್ಯವಾಗಿ ಫೀಸು ಕಟ್ಟೋದಿರಲ್ಲ, ಸ್ಟೈಪೆಂಡ್ ಸಿಗುತ್ತೆ. ಅದು ಅಲ್ಲಿ ಒಬ್ಬರ ಬಾಡಿಗೆಗೆ, ಊಟಕ್ಕೆ ಆದೀತು, ಇಲ್ಲಿನ ಕಂತಿಗಲ್ಲ. ಓದು ಐದಾರು ವರ್ಷ. ಅಪ್ಪ ಹಳೇ ಕ್ಯಾಲೆಂಡರಿನ ಹಿಂದೆ ಬರೆದು ತೋರಿಸಿದರು: ನನ್ನ ಉಳಿತಾಯದಿಂದ ಎರಡೂವರೆ ವರ್ಷ ಕಟ್ಟಬಹುದು. ಮೇಲಿನ ಪೋರ್ಷನ್ ಬಾಡಿಗೆಗೆ ಕೊಟ್ಟು, ಅವರ ಪೆನ್ಷನ್ನಿನಿಂದ ಸ್ವಲ್ಪ ಹಾಕಿದರೆ ಉಳಿದದ್ದೂ ಹೇಗೋ ಆಗುತ್ತೆ. ಆ ‘ಹೇಗೋ’ ಅನ್ನೋ ಪದದ ಮೇಲೆ ಪೆನ್ನಿಟ್ಟು ಸುಮ್ಮನೆ ಕೂತರು. ಅಮ್ಮ ಮದುವೆಯ ಮಾತು ಎತ್ತಲೇ ಇಲ್ಲ. ಎತ್ತದೇ ಇದ್ದದ್ದೇ ಜೋರಾಗಿ ಕೇಳಿಸಿತು.

ಒಂದು ಕಡೆಯಿಂದ ಸಂದರ್ಶನಕ್ಕೆ ಕರೆ ಬಂತು, ವಿಡಿಯೊ ಕಾಲ್, ನಮ್ಮ ರಾತ್ರಿ ಒಂಬತ್ತೂವರೆಗೆ. ಪ್ರೊಫೆಸರ್ ಕೇಳಿದ್ದು, ‘ಎರಡು ವಾರಕ್ಕೊಂದು ರಿಲೀಸ್ ಮಾಡಿ ಅಭ್ಯಾಸವಾದವರು ನೀವು. ಇಲ್ಲಿ ಒಂದು ಪ್ರಯೋಗಕ್ಕೆ ಬೇಕಾದಷ್ಟು ಕೂಸುಗಳು ಸಿಗೋಕೇ ವರ್ಷ ಹಿಡಿಯಬಹುದು. ತಡ್ಕೊಳ್ತೀರಾ?’ ಅಂತ. ಸಾಕ್ಸ್ ಪುಟ್ಟಿಯ ಕಥೆ ಹೇಳಿದೆ. ಅವರು ನಕ್ಕರು, ಏನೋ ಬರೆದುಕೊಂಡರು. ಏನು ಬರೆದುಕೊಂಡರು ಅಂತ ಆ ರಾತ್ರಿಯೆಲ್ಲ ಯೋಚಿಸಿದೆ.

ಈಗ ಮಾರ್ಚ್. ಮೂರು ಕಡೆಯಿಂದ ಇಲ್ಲ ಅಂತ ಬಂದಿದೆ, ಒಂದು ಕಡೆಯಿಂದ ಏನೂ ಇಲ್ಲ. ಸಂದರ್ಶನ ಮಾಡಿದವರು ವೇಟ್‌ಲಿಸ್ಟ್‌ನಲ್ಲಿ ಇಟ್ಟಿದ್ದಾರೆ. ಸೀಟು ಸಿಕ್ಕವರು ಅಲ್ಲಿ ಸಾಮಾನ್ಯವಾಗಿ ಏಪ್ರಿಲ್ 15ರೊಳಗೆ ಬರ್ತೀನಿ, ಬರಲ್ಲ ಅಂತ ತಿಳಿಸ್ತಾರೆ. ಮುಂದಿನವರು ಬೇಡ ಅಂದರೆ ನನ್ನ ಸರದಿ. ಅಪ್ಪ ಭಾನುವಾರ ಫೋನ್ ಮಾಡಿ, ‘ಟು-ಲೆಟ್ ಬೋರ್ಡು ಬರೆಸಿಟ್ಟಿದ್ದೀನಿ ಕಣಮ್ಮ. ಗೇಟಿಗೆ ಯಾವಾಗ ಕಟ್ಟಬೇಕು ಅಂತ ನೀನೇ ಹೇಳು’ ಅಂದರು.