ಮೈಸೂರಿನ ಶುಕವನ: ಗಿಳಿಮರಿಯ ಗರಿ ಮತ್ತು ಗುಟುಕು

ಮೈಸೂರಿನಿಂದ ನಂಜನಗೂಡಿಗೆ ಸಾಗುವ ಹೆದ್ದಾರಿಯಲ್ಲಿ, ನಗರದ ಅಂಚಿನಲ್ಲಿಯೇ ಶ್ರೀ ಗಣಪತಿ ಸಚ್ಚಿದಾನಂದ ಆಶ್ರಮವಿದೆ. ಅದರ ಆವರಣದಲ್ಲಿರುವ ಶುಕವನವು ಗಿಳಿಗಳಿಗೆಂದೇ ಮೀಸಲಾದ ತಾಣ. ಒಂದೇ ಪಕ್ಷಿಗೃಹದಲ್ಲಿ 468 ಜಾತಿಯ ಪಕ್ಷಿಗಳಿರುವುದಕ್ಕಾಗಿ 2017ರಲ್ಲಿ ಇದರ ಹೆಸರು ಗಿನ್ನೆಸ್ ದಾಖಲೆಗೆ ಸೇರಿತು. ದಕ್ಷಿಣ ಅಮೆರಿಕದ ಮಕಾವ್, ಆಸ್ಟ್ರೇಲಿಯದ ಕಾಕಟೂ ಮೊದಲಾದವುಗಳ ವರ್ಣವೈಭವವನ್ನು ಕಂಡು ನಾವು ಬೆರಗಾದೆವು. ಗಾಯಗೊಂಡ ಹಕ್ಕಿಗಳ ಆರೈಕೆಯೂ ಇಲ್ಲಿ ನಡೆಯುತ್ತದೆ.

ಈ ಸೊಬಗನ್ನು ಕಂಡ ಮಕ್ಕಳು ಮನೆಗೊಂದು ಗಿಳಿಮರಿ ಬೇಕೆಂದು ಹಟ ಹಿಡಿಯುವುದು ಸಹಜ. ಆದರೆ ಆ ಬಣ್ಣದ ಗರಿಗಳು ಮೂಡುವ ಬಗೆಯನ್ನು ಹಿರಿಯರು ಮೊದಲು ಅರಿಯಬೇಕು.

ಮೊಟ್ಟೆಯಿಂದ ಹೊರಬಂದ ಗಿಳಿಮರಿಗೆ ಕಣ್ಣು ತೆರೆದಿರುವುದಿಲ್ಲ, ಮೈಮೇಲೆ ಗರಿಗಳಿರುವುದಿಲ್ಲ. ಕೆಲವು ದಿನಗಳ ನಂತರ ಚರ್ಮದಿಂದ ಮುಳ್ಳಿನಂತಹ ಮೊಳಕೆಗಳು ಏಳುತ್ತವೆ. ಬೆಳೆಯುವ ಗರಿಯೊಳಗೆ ರಕ್ತ ಹರಿಯುತ್ತಿರುವುದರಿಂದ ಅದು ಮುರಿದರೆ ರಕ್ತ ಸೋರುತ್ತದೆ. ಗರಿ ಬಲಿತಂತೆ ರಕ್ತ ಹಿಂಜರಿದು, ಹೊರಕವಚ ಉದುರಿ, ಬಣ್ಣ ಬಿಚ್ಚಿಕೊಳ್ಳುತ್ತದೆ. ಈ ಅವಧಿಯಲ್ಲಿ ಹಸಿವೋ ರೋಗವೋ ಬಾಧಿಸಿದರೆ ಗರಿಗೆ ಅಡ್ಡವಾಗಿ ದುರ್ಬಲ ಗೆರೆ ಬೀಳಬಹುದು. ಆ ಗರಿ ಉದುರಿ ಹೊಸದು ಬರುವ ತನಕ ಆ ಗುರುತು ಅಳಿಯದು. ಪುಟ್ಟ ಕಾಕಟೀಲ್ ಮರಿ ಸುಮಾರು ಐದು ವಾರಗಳಲ್ಲಿ ಗೂಡು ಬಿಟ್ಟರೆ, ದೊಡ್ಡ ಮಕಾವ್ ಮರಿಗೆ ಸುಮಾರು ಮೂರು ತಿಂಗಳು ಬೇಕು.

ಹಾರಲು ಕಲಿತೊಡನೆ ಮರಿ ಸ್ವತಂತ್ರವಾಗುವುದಿಲ್ಲ. ತಾಯ್ತಂದೆಯರು ಇನ್ನೂ ಕೆಲವು ವಾರ ಗುಟುಕು ಕೊಡುತ್ತಾರೆ. ಮನುಷ್ಯರು ಕೈಯಾರೆ ಉಣಿಸುವಾಗ ಗಂಜಿ ಸುಮಾರು 40 ಡಿಗ್ರಿ ಸೆಲ್ಸಿಯಸ್ ಬಿಸಿಯಿರಬೇಕು. ಹೆಚ್ಚು ಬಿಸಿಯಾದರೆ ಕೊರಳ ಚೀಲ ಸುಡುತ್ತದೆ. ತಣ್ಣಗಾದರೆ ಆಹಾರ ಅಲ್ಲಿಯೇ ನಿಲ್ಲಬಹುದು. ಹಾರುವ ಹೊತ್ತಿಗೆ ಮರಿ ಊಟ ಕಡಿಮೆ ಮಾಡಿ ತುಸು ತೂಕ ಇಳಿಯುವುದು ಸಹಜ. ಆಗ ಬೇಯಿಸಿದ ಕಾಳು, ಸೊಪ್ಪು, ಹಣ್ಣಿನ ಹೋಳುಗಳನ್ನು ಮುಂದಿಡಬೇಕು; ಅದು ತಾನೇ ತಿನ್ನತೊಡಗಿದಂತೆ ಗುಟುಕನ್ನು ಕ್ರಮೇಣ ತಗ್ಗಿಸಬೇಕು. ದಿನ ಎಣಿಸಿ ಥಟ್ಟನೆ ನಿಲ್ಲಿಸುವುದು ಕ್ರೌರ್ಯ.

ಬೀದಿಯಲ್ಲಿ ಬುಟ್ಟಿಯಲ್ಲಿಟ್ಟು ಮಾರುವ ನಮ್ಮ ನಾಡಿನ ಹಸಿರು ಗಿಳಿಯ ಮರಿಗಳು ಗುಟುಕು ಬಿಡುವ ಮೊದಲೇ ಪೊಟರೆಯಿಂದ ಕಸಿದು ತಂದವುಗಳಾಗಿರುತ್ತವೆ. ಅವುಗಳನ್ನು ಹಿಡಿಯುವುದು, ಮಾರುವುದು, ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಡಿ ಅಪರಾಧ. ಮಕಾವ್ ಮುಂತಾದ ವಿದೇಶಿ ಗಿಳಿಗಳನ್ನು ಸಾಕುವವರು 2024ರ ನಿಯಮಗಳಂತೆ ನೋಂದಾಯಿಸಿಕೊಳ್ಳಬೇಕು.

ಆದುದರಿಂದ ಬುಟ್ಟಿಯ ಮರಿಯನ್ನು ಕರುಣೆಯಿಂದ ಕೊಂಡರೂ ಮತ್ತೊಂದು ಗೂಡು ಬರಿದಾಗಲು ನಾವೇ ಕಾರಣರಾಗುತ್ತೇವೆ. ಬೇಸಿಗೆಯ ಆರಂಭದಲ್ಲಿ ಊರ ಹಳೆಯ ಮರದ ಪೊಟರೆಯತ್ತ ಮಕ್ಕಳನ್ನು ಕರೆದೊಯ್ದು, ದೂರದಿಂದಲೇ ತಾಯಿಗಿಳಿ ಗುಟುಕಿಡುವುದನ್ನು ತೋರಿಸೋಣ. ದಯೆಯ ಪಾಠ ಮಕ್ಕಳ ಮನಸ್ಸಿನಲ್ಲಿ ನಿಲ್ಲುವುದು ಇಂತಹ ನೋಟದಿಂದ.