ಆಡುಮುಟ್ಟದ ಗಿಡ: ದಿನಚರಿಯ ಪುಟಗಳು

ಸೆಪ್ಟೆಂಬರ್ 12, ಸುರಪುರ

ನಾಟಿ ಮದ್ದು ಕೊಡುವ ಮುತ್ಯಾ ಬೆಳಿಗ್ಗೆಯೇ ಹೊಲಕ್ಕೆ ಕರೆದೊಯ್ದರು. ಎರೆಭೂಮಿ, ಹತ್ತಿ. ಬೂಟಿಗೆ ಸೇರುಗಟ್ಟಲೆ ಮಣ್ಣು. ಬದುವಿನ ಮೇಲೆ ಆಡುಮುಟ್ಟದ ಗಿಡ ನೆಲಕ್ಕೆ ಅಂಟಿಕೊಂಡು ಹರಡಿತ್ತು. ಎಲೆ ಹಿಚುಕಿದರೆ ಕೆಟ್ಟ ವಾಸನೆ. ಒಣಗಿ ಒಡೆದ ಕಾಯಿ ತೂಗುಬುಟ್ಟಿಯ ಹಾಗೆ ತೊಟ್ಟಿನಿಂದ ನೇತಾಡುತ್ತಿತ್ತು. ಆಡುಗಳು ಸುತ್ತಲಿನ ಹುಲ್ಲನ್ನು ಬುಡದವರೆಗೂ ಮೇಯ್ದು ಇದೊಂದನ್ನೇ ಬಿಟ್ಟಿವೆ. ಎಲೆಯಡಿಯಲ್ಲಿ ಮಾತ್ರ ಒಂದು ಕಪ್ಪು ಕಂಬಳಿಹುಳ, ಮೈಮೇಲೆ ಕೆಂಪು ಗುಬುಟುಗಳು, ನಿಶ್ಚಿಂತೆಯಿಂದ ತಿನ್ನುತ್ತಿತ್ತು. ಗಿಡದ ವಿಷ ಅದರ ಮೈಯಲ್ಲಿ ಉಳಿಯುತ್ತದೆ. ಚಿಟ್ಟೆಯಾದ ಮೇಲೂ ಹಕ್ಕಿಗಳು ಅದರ ತಂಟೆಗೆ ಹೋಗುವುದಿಲ್ಲ.

"ದನದ ಗಾಯದಾಗ ಹುಳ ಬಿದ್ರ ಹಸಿ ಎಲಿ ಅರದು ಕಟ್ಟತೀನವ್ವ. ಹುಳ ತಾವಾಗೇ ಉದುರತಾವ."

ಮನುಷ್ಯರಿಗೆ?

"ಕಜ್ಜಿಗಿ ಹಚ್ಚತೀವಿ."

ಹೊಟ್ಟೆಗೆ ಕೊಡ್ತೀರೇನು ಅಂದೆ. ಮಾತಾಡದೆ ಮುಂದಿನ ಗಿಡದ ಕಡೆ ನಡೆದರು.

ರಾತ್ರಿ 10

ಹಾಳೆಗಳ ನಡುವೆ ಮಾದರಿ ಒತ್ತಿಟ್ಟೆ. ಸಂಶೋಧನೆಗೆ ತುಂಬಬೇಕಾದ ನಮೂನೆಯಲ್ಲಿ ಸ್ಥಳೀಯ ಹೆಸರು, ಬಳಸುವ ಭಾಗ, ರೋಗ ಎಂಬ ಕಾಲಂಗಳಿವೆ. ಎಷ್ಟು, ಎಷ್ಟು ದಿನ, ಯಾರಿಗೆ ಕೊಡಬಾರದು: ಇವಕ್ಕೆ ಜಾಗವೇ ಇಲ್ಲ. ಅಂಚಿನಲ್ಲಿ ಪೆನ್ಸಿಲಿನಲ್ಲಿ ಬರೆದಿದ್ದೇನೆ.

ಸೆಪ್ಟೆಂಬರ್ 19, ಶಹಾಪುರ

ದೊಡ್ಡವ್ವನ ಪಡಸಾಲೆಯಲ್ಲಿ ಪೇಪರ್ ಹಾಸಿ ಎಲೆ ಆರಹಾಕಿದ್ದೇನೆ. ನೆರಳಲ್ಲೇ ಒಣಗಬೇಕು. ದೊಡ್ಡವ್ವ ಮೂಸಿ ನೋಡಿದಳು. "ಇದರ ರಸ ನಿನಗೂ ಕುಡಿಸೀವಿ, ಜಂತಿಗೆ. ಏನ್ ಅತ್ತಿದ್ದಿ ಅವತ್ತ!" ಇಬ್ಬರೂ ನಕ್ಕೆವು. ಊಟಕ್ಕೆ ಜೋಳದ ರೊಟ್ಟಿ, ಪುಂಡಿಪಲ್ಯ. ಒಳ್ಳೆಯ ದಿನ.

ಅಕ್ಟೋಬರ್ 3, ಕಲಬುರಗಿ

ಸಾಕ್ಸ್‌ಲೆಟ್ ಉಪಕರಣ ಬೆಳಗ್ಗಿನಿಂದ ಓಡುತ್ತಿದೆ, ಒಣ ಎಲೆಯ ಪುಡಿಯಿಂದ ಸಾರ ತೆಗೆಯುತ್ತ. ಮೆಥನಾಲ್ ಕುದಿದು, ಆವಿ ತಣಿದು, ಪುಡಿಯ ಮೇಲೆ ಹನಿದು, ಹಸಿರಾಗಿ ಕೆಳಗಿಳಿಯುತ್ತದೆ. ಮತ್ತೆ ಅದೇ. ಮುತ್ಯಾ ಕುದಿಸುವುದೂ ಇಲ್ಲ, ಒಣಗಿಸುವುದೂ ಇಲ್ಲ. ಹಾಗಾದರೆ ನಾನು ಪರೀಕ್ಷಿಸುತ್ತಿರುವುದು ಅವರ ಔಷಧವನ್ನೋ, ಬೇರೆ ಯಾವುದನ್ನೋ? ಚೀನಾದ ತು ಯುಯು ನೆನಪಾದರು. ಬಿಸಿಯಲ್ಲಿ ಸಾರ ತೆಗೆದಾಗ ಕೈಕೊಟ್ಟ ಗಿಡದಿಂದ ಕಡಿಮೆ ಉಷ್ಣದಲ್ಲಿ ಈಥರ್ ಬಳಸಿ ಮಲೇರಿಯಾದ ಮದ್ದು ಹಿಡಿದರು, 2015ರಲ್ಲಿ ನೊಬೆಲ್. ಹಸಿ ಎಲೆಯ ರಸವನ್ನೂ ಒಂದು ಬಾಟಲಿಯಲ್ಲಿ ತಣ್ಣಗೆ ಇಟ್ಟಿದ್ದೇನೆ.

ಅಕ್ಟೋಬರ್ 10

ಬಂತು! ಸ್ಟ್ಯಾಫಿಲೊಕಾಕಸ್ ಬ್ಯಾಕ್ಟೀರಿಯಾ ಬೆಳೆಸಿದ ತಟ್ಟೆಯಲ್ಲಿ ಮೆಥನಾಲ್ ಸಾರದ ಗುಳಿಯ ಸುತ್ತ ತಿಳಿಯಾದ ವೃತ್ತ. ಹೋಲಿಕೆಗಿಟ್ಟ ಆ್ಯಂಟಿಬಯಾಟಿಕ್ ಜೆಂಟಾಮೈಸಿನ್‌ನಷ್ಟು ಅಗಲವಿಲ್ಲ, ಆದರೂ ಅಂಚು ಸ್ಪಷ್ಟ. ಬರೀ ದ್ರಾವಕವಾದ ಡಿಎಂಎಸ್‌ಒ ಹಾಕಿದ ಗುಳಿಯ ಸುತ್ತ ಏನೂ ಇಲ್ಲ, ಇರಬಾರದು ಕೂಡ. ಇ. ಕೋಲೈ ಜಗ್ಗಿಲ್ಲ. ಹಸಿರಸದ ವೃತ್ತ ಮಸುಕು, ಇದೆ ಅನ್ನಲೂ ಆಗದು, ಇಲ್ಲ ಅನ್ನಲೂ ಆಗದು. ತಟ್ಟೆಯನ್ನು ಬೆಳಕಿಗೆ ಹಿಡಿದು ಎಷ್ಟೋ ಹೊತ್ತು ನೋಡಿದೆ. ಮುತ್ಯಾನಿಗೆ ತೋರಿಸಬೇಕು ಅನ್ನಿಸಿತು.

ಅಕ್ಟೋಬರ್ 11, ನಡುರಾತ್ರಿ

ನಿದ್ದೆ ಇಲ್ಲ. ಅರಿಸ್ಟೊಲೋಕಿಕ್ ಆಮ್ಲದ ಬಗ್ಗೆ ಓದುತ್ತಾ ಕುಳಿತೆ. ಈ ಗಿಡದ ಕುಲಕ್ಕೇ ಸೇರಿದ ವಿಷ. 1990ರ ದಶಕದ ಆರಂಭ, ಬ್ರಸೆಲ್ಸ್: ತೂಕ ಇಳಿಸುವ ಮಾತ್ರೆಯಲ್ಲಿ ಒಂದು ಚೀನೀ ಮೂಲಿಕೆಯ ಬದಲು ಇದೇ ಕುಲದ, ಅಂದರೆ ಅರಿಸ್ಟೊಲೋಕಿಯಾ ಕುಲದ, ಗಿಡ ಸೇರಿ, ಎಷ್ಟೋ ಹೆಂಗಸರ ಕಿಡ್ನಿ ಹೋಯಿತು. ಕೆಲವರಿಗೆ ಮುಂದೆ ಮೂತ್ರನಾಳದ ಕ್ಯಾನ್ಸರ್. 2002ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಈ ಕುಲದ ಗಿಡಗಳಿರುವ ಮದ್ದುಗಳನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ಮೊದಲ ಗುಂಪಿಗೆ ಸೇರಿಸಿತು.

ಎಲೆಯ ರಸ, ಜಂತಿಗೆ. ನನಗೂ. ತಮ್ಮನಿಗೂ ಕುಡಿಸಿರಬೇಕು.

ಅಕ್ಟೋಬರ್ 17

ನನ್ನ ಮಾರ್ಗದರ್ಶಕಿ ಮೇಡಂ ಫಲಿತಾಂಶ ನೋಡಿ ಖುಷಿಪಟ್ಟರು. ವಿಷದ ಮಾತೆತ್ತಿದೆ. ಸೀಗಡಿಮರಿಗಳ ಮೇಲೆ ಪರೀಕ್ಷೆ ಮಾಡು, ಒಂದೇ ದಿನದ ಕೆಲಸ ಅಂದರು. ಮಾಡುತ್ತೇನೆ. ಆದರೆ ಕಿಡ್ನಿಯನ್ನು ವರ್ಷಗಟ್ಟಲೆ ನಿಧಾನವಾಗಿ ತಿನ್ನುವುದನ್ನು ಉಪ್ಪುನೀರಿನ ಮರಿಗಳು 24 ಗಂಟೆಯಲ್ಲಿ ಹೇಗೆ ಹೇಳಿಯಾವು? ಅವು ಬದುಕಿದರೆ 'ಸುರಕ್ಷಿತ' ಎಂದು ಬರೆಯುವುದೇ? ಆ ಪದ ನನ್ನ ಕೈಯಿಂದ ಬರುವುದಿಲ್ಲ.

ವೃತ್ತವನ್ನು ಮುಚ್ಚಿಡುವುದೂ ಸರಿಯಲ್ಲ. ಅದು ನಿಜ. ಗಾಯಕ್ಕೆ ಕಟ್ಟುವ ಮುತ್ಯಾನ ಅನುಭವವೂ ನಿಜ. ಆದರೆ 'ಔಷಧೀಯ ಗುಣ ದೃಢಪಟ್ಟಿದೆ' ಎಂಬ ಒಂದು ಸಾಲು ಅಚ್ಚಾದರೆ ಸಾಕು, ಯಾರೋ ಪುಡಿಮಾಡಿ ಸಂತೆಯಲ್ಲಿ ಮಾರುತ್ತಾರೆ.

ಅಕ್ಟೋಬರ್ 26, ಸುರಪುರ

ಯಾದಗಿರಿಯಲ್ಲಿ ರೈಲಿಳಿದು ಬಸ್ಸು ಹಿಡಿಯುವಷ್ಟರಲ್ಲಿ ಮಧ್ಯಾಹ್ನ. ತಟ್ಟೆಯ ಫೋಟೊ ತೋರಿಸಿದೆ. ಮುತ್ಯಾ ಕನ್ನಡಕ ಏರಿಸಿ ನೋಡಿ, "ಇದು ಗೊತ್ತಿದ್ದದ್ದೇ ಅಲ್ಲೇನವ್ವ" ಅಂದರು. ಕಿಡ್ನಿಯ ವಿಷಯ ಹೇಳಿದೆ. ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, "ನಮ್ಮಪ್ಪ ಒಂದೇ ಸಲ ಕೊಡತಿದ್ದ. ಎರಡನೇ ಸಲ ಕೇಳಿದ್ರ ಬೈತಿದ್ದ. ಯಾಕಂತ ನಾ ಕೇಳಲಿಲ್ಲ."

ಅವರ ಅಪ್ಪನಿಗೆ ಏನು ಗೊತ್ತಿತ್ತೋ. ಒಂದು ಸಲ ಸಾಕೇ, ಅದೂ ಹೆಚ್ಚೇ? ನನ್ನಲ್ಲಿ ಉತ್ತರವಿಲ್ಲ. ಇನ್ನು ಯಾರಿಗೂ ಹೊಟ್ಟೆಗೆ ಕೊಡಬೇಡಿ ಎಂದು ಕೇಳಿಕೊಂಡೆ. ತಲೆಯಾಡಿಸಿದರು. ಒಪ್ಪಿದರೋ, ನನ್ನ ಸಮಾಧಾನಕ್ಕೋ.

ದೊಡ್ಡವ್ವನಿಗೆ ಇನ್ನೂ ಹೇಳಿಲ್ಲ. ಓಣಿಯ ಮಕ್ಕಳಿಗೆ ಈಗಲೂ ಕೊಡುತ್ತಾಳೇನೋ, ಮೊದಲು ಅದನ್ನು ಕೇಳಬೇಕು.