ಕಟ್ಟೆಯೂ ಬೇಕು, ನಾಲೆಯೂ ಬೇಕು

ಹುಣಸೂರು ತಾಲ್ಲೂಕಿನ ಕಟ್ಟೆಮಳಲವಾಡಿಯಲ್ಲಿ ಲಕ್ಷ್ಮಣತೀರ್ಥ ನದಿಗೆ ಅಣೆಕಟ್ಟೆ ಇದೆ. ಅದು ಹೊಳೆಯನ್ನು ತಡೆಯುತ್ತೆ, ಆದರೆ ಗದ್ದೆಗೆ ನೀರು ಹೋಗೋಕೆ ನಾಲೆಯನ್ನೂ ಬಿಟ್ಟಿದೆ.

ಅದನ್ನು ನೋಡಿದಾಗ ನನಗೆ 2020ರ ಕ್ವಾರಂಟೈನ್ ನೆನಪಾಯ್ತು. ಕೈಗೆ ಒತ್ತಿದ ಮುದ್ರೆಯಲ್ಲಿ ಕೊನೆಯ ದಿನಾಂಕ ಇರುತ್ತಿತ್ತು, ಅದು ಸರಿ. ಆದರೆ ಮನೆಯಲ್ಲಿ ಕ್ವಾರಂಟೈನ್ ಆದವರು ಬೆಳಿಗ್ಗೆ 7ರಿಂದ ರಾತ್ರಿ 10ರವರೆಗೆ ಗಂಟೆಗೊಂದು ಸೆಲ್ಫಿ ಕಳಿಸಬೇಕು, ತಪ್ಪಿದರೆ ಸರ್ಕಾರಿ ಕೇಂದ್ರಕ್ಕೆ ಹೋಗಬೇಕು ಅಂತ ಮಾರ್ಚ್ ಕೊನೆಯಲ್ಲಿ ರಾಜ್ಯ ಸರ್ಕಾರ ಹೇಳಿತು. ಸ್ಮಾರ್ಟ್‌ಫೋನ್ ಇಲ್ಲದವರು ಏನು ಮಾಡಬೇಕಿತ್ತು?

ಆಗ ಬಳಸಿದ್ದು ಪ್ಲೇಗ್ ತಡೆಯೋಕೆ ಬ್ರಿಟಿಷರು 1897ರಲ್ಲಿ ತಂದ ಕಾಯ್ದೆ. ಅದರಲ್ಲಿ ಅಧಿಕಾರಿಗಳಿಗೆ ಬಲ ಇದೆ, ಜನರ ಹಕ್ಕಿನ ಮಾತಿಲ್ಲ.

ಸೋಂಕಿಗೆ ತಡೆ ಬೇಕೇ ಬೇಕು. ಜೊತೆಗೆ ಮನೆಗೆ ರೇಷನ್, ತಪ್ಪಿದ ಕೂಲಿಗೆ ಪರಿಹಾರ, ದೂರು ಕೇಳೋಕೆ ಒಬ್ಬರು, ಇವೂ ಕಾನೂನಲ್ಲೇ ಇರಬೇಕು. ಇಲ್ಲದಿದ್ದರೆ ಜನ ಜ್ವರವನ್ನೇ ಮುಚ್ಚಿಡ್ತಾರೆ.